ತುಮಕೂರು ಸೀಮೆಯ ಭಿತ್ತಿಚಿತ್ರಗಳು

ತುಮಕೂರು ಜಿಲ್ಲೆಯ ದೇವಾಲಯಗಳ ಗೋಡೆ ಮತ್ತು ಛಾವಣಿಗಳ ಮೇಲೆ ಮೈಸೂರು ಸಾಂಪ್ರದಾಯಿಕ ಶೈಲಿಯಲ್ಲಿ ಬರೆದ ವರ್ಣಚಿತ್ರಗಳನ್ನೂ, ಅದೇ ಸೀಮೆಯಲ್ಲಿ ಮುಂದೆ ಬೆಳೆದ ರಂಗಪರದೆ ಹಾಗೂ ಪಟ್ಟಣದ ಗೋಡೆಚಿತ್ರಗಳನ್ನೂ ಒಟ್ಟಾಗಿ ತುಮಕೂರು ಸೀಮೆಯ ಭಿತ್ತಿಚಿತ್ರ ಪರಂಪರೆ ಎನ್ನಬಹುದು. ಶಿರಾ ತಾಲ್ಲೂಕಿನ ಸೀಬಿ ಗ್ರಾಮದ ನರಸಿಂಹಸ್ವಾಮಿ ದೇವಾಲಯದ ಮುಖಮಂಟಪದ ಛಾವಣಿ ಚಿತ್ರಗಳು ಈ ಪರಂಪರೆಯ ಪ್ರಧಾನ ಕೃತಿ. 18ನೆಯ ಶತಮಾನದ ಕೊನೆ ಮತ್ತು 19ನೆಯ ಶತಮಾನದ ಆರಂಭದ ಈ ದೇವಾಲಯದಲ್ಲಿ ರಾಮಾಯಣ, ಮಹಾಭಾರತ, ಭಾಗವತಗಳ ಕಥೆಗಳ ಜೊತೆಯಲ್ಲೇ ಹೈದರ್ ಅಲಿ ಮತ್ತು ಟಿಪ್ಪು ಸುಲ್ತಾನರ ದರ್ಬಾರುಗಳು ಚಿತ್ರಿತವಾಗಿವೆ. ಪುರಾಣವನ್ನೂ ಸಮಕಾಲೀನ ಚರಿತ್ರೆಯನ್ನೂ ಒಂದೇ ಛಾವಣಿಯಲ್ಲಿ ಇರಿಸಿರುವುದು ಈ ಚಿತ್ರಗಳ ಮುಖ್ಯ ಲಕ್ಷಣ.

ಪರಿಭಾಷೆ

ಗೋಡೆಯ ಮೇಲಿನ ಚಿತ್ರಕ್ಕೆ ಭಿತ್ತಿಚಿತ್ರವೆಂದು ಹೆಸರು. ಸಂಸ್ಕೃತದ 'ಭಿತ್ತಿ' ಎಂದರೆ ಗೋಡೆ. ಛಾವಣಿಯ ಒಳಮೈ ಮೇಲಿನ ಚಿತ್ರಗಳನ್ನೂ ಈ ಹೆಸರಿನಲ್ಲೇ ಸೇರಿಸುವುದು ರೂಢಿ. ಅಗತ್ಯವಿದ್ದಾಗ ಅವನ್ನು ಛಾವಣಿ ಚಿತ್ರ ಎಂದು ಪ್ರತ್ಯೇಕಿಸಲಾಗುತ್ತದೆ. ಮಂಟಪದಲ್ಲಿ ನಾಲ್ಕು ಕಂಬಗಳ ನಡುವಿನ ಚೌಕ ಭಾಗ ಅಂಕಣ. ಅಂಕಣದ ಛಾವಣಿಯ ಅಲಂಕೃತ ನಡುಭಾಗವನ್ನು ಭುವನೇಶ್ವರಿ ಎನ್ನುತ್ತಾರೆ.

ಹಸಿ ಗಾರೆಯ ಮೇಲೆ ಬಣ್ಣ ಹಚ್ಚಿ, ಗಾರೆಯೊಡನೆಯೇ ಒಣಗಿ ಗಟ್ಟಿಯಾಗಲು ಬಿಡುವ ವಿಧಾನ ಫ್ರೆಸ್ಕೊ. ಒಣಗಿದ ಗಾರೆಯ ಮೇಲೆ ಅಂಟು ಬೆರೆಸಿದ ಬಣ್ಣದಿಂದ ಬರೆಯುವ ವಿಧಾನ ಟೆಂಪೆರಾ. ಜನಬಳಕೆಯಲ್ಲಿ ಎರಡನ್ನೂ ಫ್ರೆಸ್ಕೊ ಎಂದೇ ಕರೆಯುವುದುಂಟು. ಕರ್ನಾಟಕದ ವಿಜಯನಗರೋತ್ತರ ಭಿತ್ತಿಚಿತ್ರಗಳನ್ನು ಸಾಮಾನ್ಯವಾಗಿ ಒಣಗಾರೆಯ ಚಿತ್ರಗಳೆಂದು ಪರಿಗಣಿಸಲಾಗಿದೆ. ಚಿತ್ರ ಬರೆಯುವುದನ್ನು ವಂಶಪಾರಂಪರ್ಯ ವೃತ್ತಿಯಾಗಿ ನಡೆಸಿಕೊಂಡು ಬಂದವರು ಚಿತ್ರಗಾರರು. ನಾಟಕ ಕಂಪನಿಗಳ ಚಿತ್ರಿತ ಬಟ್ಟೆಗೆ ಪರದೆ ಅಥವಾ ಸೀನು ಎಂಬ ಮಾತಿದೆ. ಒಂದು ನಾಟಕಕ್ಕೆ ಬೇಕಾದ ಪರದೆಗಳು, ಪಕ್ಕದ ಹಲಗೆಗಳು ಮತ್ತು ಝಾಲರಿಯ ಒಟ್ಟು ಜೋಡಣೆಯನ್ನು ಸೀನರಿ ಎನ್ನುತ್ತಾರೆ.

ಹಿನ್ನೆಲೆ

ಕರ್ನಾಟಕದಲ್ಲಿ ಭಿತ್ತಿಚಿತ್ರದ ಅತ್ಯಂತ ಹಳೆಯ ಉದಾಹರಣೆಗಳಲ್ಲಿ ಬಾದಾಮಿಯ ಮೂರನೆಯ ಗುಹೆಯ ಚಿತ್ರಗಳು ಮುಖ್ಯವಾದವು. ಚಾಲುಕ್ಯ ಮಂಗಲೇಶನ ಕ್ರಿ.ಶ. 578ರ ಶಾಸನ ಆ ಗುಹೆಯಲ್ಲಿದೆ. ಕಲ್ಯಾಣ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೆಯ ಶತಮಾನದಲ್ಲಿ ರಚಿಸಿದ 'ಮಾನಸೋಲ್ಲಾಸ'ದಲ್ಲಿ ಗೋಡೆಯನ್ನು ಹದಗೊಳಿಸುವ ಕ್ರಮ, ಎಮ್ಮೆಯ ಚರ್ಮದಿಂದ ಅಂಟು ತಯಾರಿಸುವ ವಿಧಾನ, ದಪ್ಪ, ಮಧ್ಯಮ ಮತ್ತು ಸೂಕ್ಷ್ಮವೆಂಬ ಮೂರು ಬಗೆಯ ಕುಂಚಗಳು ಹಾಗೂ ಚಿತ್ರದ ಪ್ರಕಾರಗಳ ವಿವರಣೆ ಇದೆ. ಕನ್ನಡಿಯಲ್ಲಿ ಕಂಡಂತೆ ನಿಜವ್ಯಕ್ತಿಯನ್ನು ಹೋಲುವ ಚಿತ್ರವನ್ನು ಈ ಗ್ರಂಥ 'ವಿದ್ಧ' ಎಂದೂ, ಕಲ್ಪನೆಯಿಂದ ಮೂಡಿದ ಚಿತ್ರವನ್ನು 'ಅವಿದ್ಧ' ಎಂದೂ ವಿಂಗಡಿಸುತ್ತದೆ. ದೇವರ ಕಥೆ ಮತ್ತು ಸಮಕಾಲೀನರ ರೂಪ ಒಂದೇ ಆವರಣದಲ್ಲಿ ಬರುವ ಮುಂದಿನ ಕಾಲದ ಚಿತ್ರಗಳನ್ನು ವಿವರಿಸಲು ಈ ವಿಂಗಡಣೆ ಉಪಯುಕ್ತ.

ವಿಜಯನಗರ ಕಾಲದಲ್ಲಿ ದೇವಾಲಯದ ಮಂಟಪದ ಛಾವಣಿ ಚಿತ್ರಕಲೆಯ ಮುಖ್ಯ ನೆಲೆಯಾಯಿತು. ಹಂಪಿಯ ವಿರೂಪಾಕ್ಷ ದೇವಾಲಯದ ಛಾವಣಿಯಲ್ಲಿ ಪುರಾಣದ ಪ್ರಸಂಗಗಳ ಜೊತೆಗೆ ವಿದ್ಯಾರಣ್ಯರ ಪಲ್ಲಕ್ಕಿ ಮೆರವಣಿಗೆಯ ಚಿತ್ರವಿದೆ. ಇಂದಿನ ಆಂಧ್ರಪ್ರದೇಶದ ಲೇಪಾಕ್ಷಿ ತುಮಕೂರು ಜಿಲ್ಲೆಯ ಪೂರ್ವದ ಗಡಿಗೆ ಸಮೀಪದಲ್ಲಿದೆ. ಅಲ್ಲಿನ ವೀರಭದ್ರ ದೇವಾಲಯವನ್ನು 16ನೆಯ ಶತಮಾನದಲ್ಲಿ, ಅಚ್ಯುತದೇವರಾಯನ ಆಳ್ವಿಕೆಯಲ್ಲಿ, ವಿರೂಪಣ್ಣ ಮತ್ತು ವೀರಣ್ಣ ಸಹೋದರರು ಕಟ್ಟಿಸಿದರು. ಕಿರಾತಾರ್ಜುನೀಯ, ಪಾರ್ವತೀ ಕಲ್ಯಾಣ ಮುಂತಾದ ಕಥೆಗಳೊಂದಿಗೆ ಆ ಸಹೋದರರ ಮತ್ತು ಅವರ ಪರಿವಾರದ ಚಿತ್ರಗಳೂ ಅಲ್ಲಿನ ಛಾವಣಿಯಲ್ಲಿವೆ. ಗುಡಿ ಕಟ್ಟಿಸಿದವರು ಗುಡಿಯ ಚಿತ್ರದಲ್ಲಿ ಸ್ಥಾನ ಪಡೆಯುವ ಈ ರೂಢಿ ಸೀಬಿಯಲ್ಲಿಯೂ ಕಾಣುತ್ತದೆ.

1565ರ ರಕ್ಕಸ-ತಂಗಡಿ ಯುದ್ಧದ ನಂತರ ವಿಜಯನಗರದ ಚಿತ್ರಗಾರ ಮನೆತನಗಳು ಆಶ್ರಯ ಹುಡುಕುತ್ತ ಬೇರೆ ಬೇರೆ ಪಾಳೆಯಪಟ್ಟುಗಳಿಗೆ ಚದುರಿದವು. 1610ರಲ್ಲಿ ಶ್ರೀರಂಗಪಟ್ಟಣವನ್ನು ಪಡೆದ ರಾಜ ಒಡೆಯರ ಆಶ್ರಯದಲ್ಲಿ ಒಂದು ಶಾಖೆ ನೆಲೆಗೊಂಡಿತು. ಅದೇ ಮುಂದೆ ಮೈಸೂರು ಸಾಂಪ್ರದಾಯಿಕ ಚಿತ್ರಶೈಲಿಯಾಗಿ ಬೆಳೆಯಿತು. ಹೈದರ್ ಮತ್ತು ಟಿಪ್ಪು ಕಾಲದಲ್ಲಿಯೂ ಈ ಚಿತ್ರಗಾರರಿಗೆ ಕೆಲಸವಿತ್ತು. ಶ್ರೀರಂಗಪಟ್ಟಣದ ದರಿಯಾ ದೌಲತ್ ಅರಮನೆಯ ಭಿತ್ತಿಚಿತ್ರಗಳು ಇದಕ್ಕೆ ಸಾಕ್ಷಿ.

ರಾಜಕೀಯ ಸನ್ನಿವೇಶ

ಸೀಬಿ ಇರುವ ಶಿರಾ ಪ್ರದೇಶ 1687ರಿಂದ ಮೊಗಲರ ಸುಬಾ (ಪ್ರಾಂತ) ಒಂದರ ಕೇಂದ್ರವಾಗಿತ್ತು. 1761ರಲ್ಲಿ ಶಿರಾ ಹೈದರ್ ಅಲಿಯ ವಶಕ್ಕೆ ಬಂತು. ನಡುವೆ ಮರಾಠರ ವಶದಲ್ಲಿದ್ದ ಕೆಲವು ವರ್ಷಗಳನ್ನು ಬಿಟ್ಟರೆ, ಅಲ್ಲಿಂದ 1799ರವರೆಗೆ ತುಮಕೂರು ಸೀಮೆ ಶ್ರೀರಂಗಪಟ್ಟಣದ ಆಡಳಿತಕ್ಕೆ ಸೇರಿತ್ತು. ಸೇನೆ, ಕಂದಾಯ ಮತ್ತು ಕಚೇರಿಯ ವ್ಯವಸ್ಥೆಗಳು ಸೀಮೆಯ ಊರುಗಳನ್ನು ರಾಜಧಾನಿಗೆ ಜೋಡಿಸಿದ್ದವು. ಕುಣಿಗಲ್‌ನ ಕುದುರೆ ಫಾರಂ ಇದರ ಒಂದು ಉಳಿದ ಗುರುತು. ಟಿಪ್ಪುವಿನ ಅಶ್ವದಳಕ್ಕೆ ಕುದುರೆಗಳನ್ನು ಬೆಳೆಸುತ್ತಿದ್ದ ನೆಲೆಯೆಂದು ಅದರ ಇತಿಹಾಸವನ್ನು ಗುರುತಿಸಲಾಗುತ್ತದೆ. ಮುಂದೆ ಅದು ಪಂದ್ಯದ ಕುದುರೆಗಳ ತಳಿ ಕೇಂದ್ರವಾಯಿತು. ಈ ಆಡಳಿತದಲ್ಲಿ ಮೇಲೇರಿದ ಸ್ಥಳೀಯ ಅಧಿಕಾರಿ ಮನೆತನಗಳಲ್ಲಿ ಸೀಬಿಯ ಗುಡಿಯನ್ನು ಕಟ್ಟಿಸಿದ ಮನೆತನವೂ ಒಂದು.

ಸೀಬಿ ನರಸಿಂಹಸ್ವಾಮಿ ದೇವಾಲಯ

ಸೀಬಿ ತುಮಕೂರು ನಗರದಿಂದ ಉತ್ತರಕ್ಕೆ 20 ಕಿ.ಮೀ.ಗಿಂತ ತುಸು ಹೆಚ್ಚಿನ ದೂರದಲ್ಲಿ, ಶಿರಾ ಕಡೆಗೆ ಹೋಗುವ ಹೆದ್ದಾರಿಯ ಬಳಿ ಇದೆ. ಸ್ಥಳದ ಐತಿಹ್ಯ ಹಳೆಯ ಗೆಜೆಟಿಯರಿನಲ್ಲಿ ದಾಖಲಾಗಿದೆ. ಅದರ ಪ್ರಕಾರ ಎತ್ತುಗಳ ಮೇಲೆ ಧಾನ್ಯ ಹೇರಿಕೊಂಡು ಹೊರಟ ವರ್ತಕನೊಬ್ಬ ಇಲ್ಲಿ ಬೀಡುಬಿಟ್ಟು, ನೆಲದಿಂದ ಮೇಲೆದ್ದಿದ್ದ ಕಲ್ಲೊಂದನ್ನು ಒಲೆಗುಂಡಾಗಿ ಬಳಸಿದನು. ಮಡಕೆಯಲ್ಲಿ ಬೇಯುತ್ತಿದ್ದ ಧಾನ್ಯ ರಕ್ತದ ಬಣ್ಣಕ್ಕೆ ತಿರುಗಿತು. ಆ ಕಲ್ಲಿನಲ್ಲಿ ನರಸಿಂಹ ನೆಲೆಸಿರುವುದು ತಿಳಿದು, ಅಪಚಾರದ ಪರಿಹಾರಕ್ಕಾಗಿ ಅಲ್ಲಿ ಗುಡಿ ಕಟ್ಟಲಾಯಿತು. ಸರಕು ಸಾಗುವ ದಾರಿಯ ತಂಗುದಾಣವೊಂದು ಕ್ಷೇತ್ರವಾದ ಬಗೆಯನ್ನು ಈ ಕಥೆ ಹೇಳುತ್ತದೆ.

ಇಂದಿನ ದೇವಾಲಯವನ್ನು ಕಟ್ಟಿಸಿದವರು ಲಕ್ಷ್ಮೀನರಸಪ್ಪ, ಪುಟ್ಟಣ್ಣ ಮತ್ತು ನಲ್ಲಪ್ಪ ಎಂಬ ಮೂವರು ಸಹೋದರರು. ಇವರು ಶ್ರೀರಂಗಪಟ್ಟಣದ ಆಡಳಿತದಲ್ಲಿ ಅಧಿಕಾರಿಯಾಗಿದ್ದ ಕಚೇರಿ ಕೃಷ್ಣಪ್ಪನ ಮಕ್ಕಳು. ಮೂವರಲ್ಲಿ ನಲ್ಲಪ್ಪನ ಹೆಸರು ಹೆಚ್ಚು ಪ್ರಸಿದ್ಧ. ಹೈದರನ ಆಳ್ವಿಕೆಯನ್ನು ಕುರಿತ ಕನ್ನಡದ ಗದ್ಯ ಚರಿತ್ರೆ 'ಹೈದರ್ ನಾಮಾ' ಇವನ ಹೆಸರಿನೊಂದಿಗೆ ಸೇರಿಕೊಂಡಿದೆ. ಒಂದೇ ಮನೆತನದ ಸುತ್ತ ಹೈದರನ ಕಾಲದ ಬರಹರೂಪದ ಚರಿತ್ರೆ ಮತ್ತು ಚಿತ್ರರೂಪದ ಚರಿತ್ರೆ ಎರಡೂ ದೊರೆಯುತ್ತವೆ.

ದೇವಾಲಯದ ಕೆಲಸ 1795ರಲ್ಲಿ ಆರಂಭವಾಗಿ ಸುಮಾರು 16 ವರ್ಷ ನಡೆಯಿತೆಂದು ಹೇಳಲಾಗಿದೆ. ಈ ಲೆಕ್ಕದಂತೆ ಟಿಪ್ಪುವಿನ ಆಳ್ವಿಕೆಯಲ್ಲಿ ಆರಂಭವಾದ ಕಟ್ಟಡ, 1799ರಲ್ಲಿ ಶ್ರೀರಂಗಪಟ್ಟಣ ಬಿದ್ದು ಮೈಸೂರು ಒಡೆಯರಿಗೆ ಮರಳಿದ ಮೇಲೆ, ದಿವಾನ್ ಪೂರ್ಣಯ್ಯನವರ ಆಡಳಿತದ ಕೊನೆಯ ವೇಳೆಗೆ ಮುಗಿಯಿತು. ಆಳುವ ಮನೆತನ ಬದಲಾದರೂ ಹೈದರ್ ಮತ್ತು ಟಿಪ್ಪುವಿನ ದರ್ಬಾರುಗಳು ಛಾವಣಿಯಲ್ಲಿ ಉಳಿದವು.

ಚಿತ್ರಗಳ ಸ್ಥಾನ ಮತ್ತು ವಿನ್ಯಾಸ

ದೇವಾಲಯ ದ್ರಾವಿಡ ಶೈಲಿಯದು. ಪ್ರಾಕಾರದ ಮಹಾದ್ವಾರವನ್ನು ದಾಟಿದ ಭಕ್ತರು ಗರ್ಭಗುಡಿಗೆ ಹೋಗುವ ಮೊದಲು ಮುಖಮಂಟಪದಲ್ಲಿ ನಿಲ್ಲುತ್ತಾರೆ. ಮುಖ್ಯ ಚಿತ್ರಗಳು ಈ ಮಂಟಪದ ಛಾವಣಿಯಲ್ಲಿವೆ. ಉತ್ಸವ, ಹರಿಕಥೆ, ಪ್ರಸಾದ ವಿನಿಯೋಗಗಳಿಗೆ ಜನ ಸೇರುವ ಭಾಗವೇ ಮುಖಮಂಟಪ. ಆದ್ದರಿಂದ ಇಲ್ಲಿನ ಚಿತ್ರಗಳು ಗುಡಿಗೆ ಬಂದವರೆಲ್ಲರಿಗೂ ಕಾಣುವಂಥವು.

ಈ ಸಂಪ್ರದಾಯದ ಛಾವಣಿ ಚಿತ್ರಗಳಲ್ಲಿ ಕಥೆಯನ್ನು ಉದ್ದನೆಯ ಪಟ್ಟಿಗಳಾಗಿ ಹರಡಲಾಗುತ್ತದೆ. ಒಂದು ಪಟ್ಟಿಯಲ್ಲಿ ಪ್ರಸಂಗಗಳು ಒಂದರ ಪಕ್ಕದಲ್ಲಿ ಒಂದು ಬರುತ್ತವೆ. ಕಂಬ, ಕಮಾನು, ಮರ ಅಥವಾ ಒಂದು ಅಡ್ಡಗೆರೆ ಎರಡು ಪ್ರಸಂಗಗಳನ್ನು ಬೇರ್ಪಡಿಸುತ್ತದೆ. ಒಂದೇ ಪಾತ್ರ ಒಂದು ಪಟ್ಟಿಯಲ್ಲಿ ಹಲವು ಸಲ ಕಾಣಿಸಿಕೊಂಡು ಕಥೆಯನ್ನು ಮುಂದಕ್ಕೆ ನಡೆಸುತ್ತದೆ. ಪಟ್ಟಿಗಳ ಅಂಚಿನಲ್ಲಿ ಹೂಬಳ್ಳಿಯ ಅಲಂಕಾರವಿರುತ್ತದೆ. ನೋಡುಗ ಮಂಟಪದಲ್ಲಿ ನಡೆಯುತ್ತ, ಕತ್ತೆತ್ತಿ, ಪಟ್ಟಿಯಿಂದ ಪಟ್ಟಿಗೆ ಕಥೆಯನ್ನು ಓದಿಕೊಳ್ಳಬೇಕು.

ಚಿತ್ರಗಳ ವಸ್ತು

ಪೌರಾಣಿಕ ಚಿತ್ರಗಳು. ರಾಮಾಯಣ, ಮಹಾಭಾರತ ಮತ್ತು ಭಾಗವತದ ಪ್ರಸಂಗಗಳು, ಕೃಷ್ಣನ ಬಾಲಲೀಲೆಗಳು, ವಿಷ್ಣುವಿನ ಅವತಾರಗಳು ಮತ್ತು ನರಸಿಂಹನ ಕಥೆ ಮುಖ್ಯ ವಸ್ತುಗಳು. ಗುಡಿಯ ಅಧಿದೇವತೆ ನರಸಿಂಹನಾದ್ದರಿಂದ ಪ್ರಹ್ಲಾದನ ಕಥೆಗೆ ಇಲ್ಲಿ ಸಹಜವಾದ ಸ್ಥಾನವಿದೆ.

ಐತಿಹಾಸಿಕ ಚಿತ್ರಗಳು. ಹೈದರ್ ಅಲಿ ಮತ್ತು ಟಿಪ್ಪು ಸುಲ್ತಾನರ ದರ್ಬಾರು ದೃಶ್ಯಗಳು ಇವುಗಳಲ್ಲಿ ಮುಖ್ಯ. ದೊರೆ ನಡುವೆ ಕುಳಿತು, ಪರಿವಾರದವರು ಎರಡು ಬದಿಯಲ್ಲಿ ಅಂತಸ್ತಿಗೆ ತಕ್ಕಂತೆ ಸಾಲಾಗಿರುವುದು ಈ ಕಾಲದ ದರ್ಬಾರು ಚಿತ್ರದ ರೂಢಿಯ ವಿನ್ಯಾಸ. ರುಮಾಲು, ನಿಲುವಂಗಿ, ನಡುಕಟ್ಟು, ಚವರಿ, ಛತ್ರಿ, ಆಯುಧ ಮುಂತಾದ ವಿವರಗಳು ಆ ಕಾಲದ ಉಡುಗೆ ಮತ್ತು ಆಸ್ಥಾನದ ಮರ್ಯಾದೆಗಳನ್ನು ತಿಳಿಸುವ ಆಕರಗಳು.

ದಾನಿಗಳ ಚಿತ್ರಗಳು. ಗುಡಿ ಕಟ್ಟಿಸಿದ ನಲ್ಲಪ್ಪನ ಮನೆತನದವರೂ ಚಿತ್ರಗಳಲ್ಲಿ ಸ್ಥಾನ ಪಡೆದಿದ್ದಾರೆ. ಲೇಪಾಕ್ಷಿಯ ಸಹೋದರರಂತೆ ಸೀಬಿಯ ಸಹೋದರರೂ ಹೀಗೆ ತಾವು ಕಟ್ಟಿಸಿದ ಗುಡಿಯಲ್ಲಿ ದೇವರ ಮತ್ತು ದೊರೆಯ ಸಾಲಿನಲ್ಲಿ ನೆನಪಾಗಿ ಉಳಿದಿದ್ದಾರೆ.

ಪೌರಾಣಿಕ ಮತ್ತು ಐತಿಹಾಸಿಕ ದೃಶ್ಯಗಳ ಚಿತ್ರಣದಲ್ಲಿ ಕಟ್ಟುನಿಟ್ಟಾದ ಭೇದವಿಲ್ಲದಿರುವುದು ಈ ಕಾಲದ ಕಲೆಯ ಇನ್ನೊಂದು ಗುಣ. ಪುರಾಣದ ರಾಜರೂ ಸೈನಿಕರೂ 18ನೆಯ ಶತಮಾನದ ಉಡುಗೆ ತೊಟ್ಟು, ಆ ಕಾಲದ ಕಮಾನುಗಳ ಕೆಳಗೆ ಕಾಣಿಸಿಕೊಳ್ಳುತ್ತಾರೆ.

ತಂತ್ರ ಮತ್ತು ಸಾಮಗ್ರಿ

ಮೈಸೂರು ಸಂಪ್ರದಾಯದಲ್ಲಿ ಭಿತ್ತಿಚಿತ್ರದ ಕೆಲಸ ನಾಲ್ಕು ಹಂತಗಳಲ್ಲಿ ನಡೆಯುತ್ತದೆ. ಮೊದಲನೆಯದು ನೆಲೆಯ ಸಿದ್ಧತೆ: ಕಲ್ಲು ಅಥವಾ ಇಟ್ಟಿಗೆಯ ಮೇಲ್ಮೈಗೆ ಸುಣ್ಣ ಮತ್ತು ಮರಳಿನ ಗಾರೆ ಬಳಿದು, ಅದರ ಮೇಲೆ ನುಣುಪಾದ ತೆಳು ಸುಣ್ಣದ ಪದರ ಹಚ್ಚಿ ಉಜ್ಜುತ್ತಾರೆ. ಎರಡನೆಯದು ರೇಖೆ: ಒಣಗಿದ ನೆಲೆಯ ಮೇಲೆ ಪಟ್ಟಿಗಳನ್ನು ಗುರುತಿಸಿ, ಆಕೃತಿಗಳನ್ನು ಕಾವಿಯ ತೆಳುಗೆರೆಯಲ್ಲಿ ಬರೆಯುತ್ತಾರೆ. ಮೂರನೆಯದು ಬಣ್ಣ: ಹಿನ್ನೆಲೆಗೆ ಸಪಾಟಾದ ಬಣ್ಣ ತುಂಬಿದ ಮೇಲೆ ಉಡುಗೆ, ಮೈಬಣ್ಣ, ಆಭರಣಗಳಿಗೆ ಬಣ್ಣ ಹಚ್ಚುತ್ತಾರೆ. ಕೊನೆಯದು ಗೆರೆ ತೀಡುವುದು: ಕಣ್ಣು, ಹುಬ್ಬು, ಬೆರಳು, ಅಂಚುಗಳನ್ನು ಸೂಕ್ಷ್ಮ ಕುಂಚದಿಂದ ಕಪ್ಪು ಅಥವಾ ಗಾಢ ಕೆಂಪು ಗೆರೆಯಲ್ಲಿ ಪೂರೈಸುತ್ತಾರೆ.

ಬಣ್ಣಗಳು ಬಹುಪಾಲು ಖನಿಜ ಮತ್ತು ಸಸ್ಯಮೂಲದವು. ಕೆಂಪಿಗೆ ಕಾವಿಕಲ್ಲು ಮತ್ತು ಇಂಗಳೀಕ, ಹಳದಿಗೆ ಹರಿದಳ ಮತ್ತು ಹಳದಿ ಮಣ್ಣು, ನೀಲಿಗೆ ನೀಲಿಗಿಡದ ಬಣ್ಣ, ಕಪ್ಪಿಗೆ ದೀಪದ ಕಾಡಿಗೆ, ಬಿಳಿಗೆ ಸುಣ್ಣ ಅಥವಾ ಸಫೇದು ಬಳಕೆಯಲ್ಲಿದ್ದವು. ನೀಲಿ ಮತ್ತು ಹಳದಿಯನ್ನು ಕೂಡಿಸಿ ಹಸಿರು ಪಡೆಯಬಹುದಿತ್ತು. ಬಣ್ಣ ಮೈಗೆ ಹಿಡಿಯಲು ಗೋಂದು ಅಥವಾ ಸರೇಸು ಬೆರೆಸುತ್ತಿದ್ದರು. ನಯವಾದ ಕೆಲಸಕ್ಕೆ ಅಳಿಲಿನ ಕೂದಲಿನ ಕುಂಚ ಬೇಕಾಗುತ್ತಿತ್ತು.

ಹಲಗೆಯ ಮೇಲೆ ಬರೆಯುವ ಮೈಸೂರು ಚಿತ್ರಗಳಲ್ಲಿ ಆಭರಣ ಮತ್ತು ಸಿಂಹಾಸನದ ಭಾಗಗಳನ್ನು ಉಬ್ಬಿಸಿ, ಅದರ ಮೇಲೆ ಚಿನ್ನದ ರೇಕು ಅಂಟಿಸುವ ಪದ್ಧತಿ ಪ್ರಸಿದ್ಧ. ವಿಸ್ತಾರವಾದ ಭಿತ್ತಿಚಿತ್ರಗಳಲ್ಲಿ ಮುಖ್ಯ ಪರಿಣಾಮ ಬರುವುದು ರೇಖೆ ಮತ್ತು ಸಪಾಟು ಬಣ್ಣದಿಂದ. ಮುಖಗಳನ್ನು ಪಾರ್ಶ್ವದಿಂದ ಅಥವಾ ಮುಕ್ಕಾಲು ತಿರುವಿನಲ್ಲಿ ತೋರಿಸುವುದು ಹೆಚ್ಚು. ದೂರ ಮತ್ತು ಸಮೀಪವನ್ನು ಗಾತ್ರದ ಬದಲಾವಣೆಯಿಂದ ಸೂಚಿಸದೆ, ಆಕೃತಿಗಳನ್ನು ಮೇಲೆ ಕೆಳಗೆ ಜೋಡಿಸಿ ಸೂಚಿಸಲಾಗುತ್ತದೆ. ದೊಡ್ಡ ಗಾತ್ರ ಮೀಸಲಾಗಿರುವುದು ಅಂತಸ್ತಿನಲ್ಲಿ ದೊಡ್ಡವರಿಗೆ.

ಕಲಾವಿದರು

ಮೈಸೂರು ಸೀಮೆಯ ಹಳೆಯ ಭಿತ್ತಿಚಿತ್ರಗಳಲ್ಲಿ ಕಲಾವಿದರು ಹೆಸರು ಬರೆಯುವ ರೂಢಿ ಇರಲಿಲ್ಲ. ಕೆಲಸ ಒಬ್ಬನದಾಗಿರದೆ ತಂಡದ್ದಾಗಿತ್ತು: ಹಿರಿಯ ಚಿತ್ರಗಾರ ವಿನ್ಯಾಸ ಮತ್ತು ಮುಖಗಳನ್ನು ಬರೆದರೆ ಕಿರಿಯರು ಬಣ್ಣ ಅರೆಯುವುದು, ಹಿನ್ನೆಲೆ ತುಂಬುವುದು, ಅಂಚಿನ ಬಳ್ಳಿ ಬರೆಯುವುದನ್ನು ಮಾಡುತ್ತಿದ್ದರು. ವಿದ್ಯೆ ತಂದೆಯಿಂದ ಮಗನಿಗೆ, ಗುರುವಿನಿಂದ ಶಿಷ್ಯನಿಗೆ ಹರಿಯುತ್ತಿತ್ತು. ದೇವತಾಮೂರ್ತಿಗಳ ಲಕ್ಷಣವನ್ನು ಧ್ಯಾನಶ್ಲೋಕಗಳು ನಿಗದಿಪಡಿಸುತ್ತಿದ್ದವು. ಮುಮ್ಮಡಿ ಕೃಷ್ಣರಾಜ ಒಡೆಯರ (1794–1868) ಕಾಲದಲ್ಲಿ ಸಿದ್ಧವಾದ, ಒಂಬತ್ತು ನಿಧಿಗಳಾಗಿ ವಿಂಗಡಿಸಿದ ಸಚಿತ್ರ ಗ್ರಂಥ 'ಶ್ರೀತತ್ತ್ವನಿಧಿ' ಇಂಥ ಲಕ್ಷಣಗಳ ದೊಡ್ಡ ಸಂಗ್ರಹ.

ಚಿತ್ರದ ಗೆರೆಗಳನ್ನು ಗೋಡೆಯ ಮೇಲೆ ಮೂಡಿಸಲು ಮೂರು ಉಪಾಯಗಳು ಬಳಕೆಯಲ್ಲಿವೆ. ಮೂಲಚಿತ್ರದ ಮೇಲೆ ಚೌಕುಳಿಗಳನ್ನು ಎಳೆದು, ಗೋಡೆಯ ಮೇಲೆ ಅಷ್ಟೇ ಸಂಖ್ಯೆಯ ದೊಡ್ಡ ಚೌಕುಳಿಗಳನ್ನು ಹಾಕಿ, ಒಂದೊಂದೇ ಚೌಕದ ಗೆರೆಗಳನ್ನು ನಕಲಿಸುವುದು ಮೊದಲನೆಯದು. ಕಾಗದದ ಮೇಲಿನ ಗೆರೆಯುದ್ದಕ್ಕೂ ಸೂಜಿಯಿಂದ ರಂಧ್ರ ಮಾಡಿ, ಬಟ್ಟೆಗಂಟಿನಲ್ಲಿ ಕಟ್ಟಿದ ಇದ್ದಿಲ ಪುಡಿಯನ್ನು ಮೇಲೆ ತಟ್ಟಿ ಗುರುತು ಮೂಡಿಸುವುದು ಎರಡನೆಯದು. ಬಣ್ಣದ ಪುಡಿ ಸವರಿದ ದಾರವನ್ನು ಬಿಗಿಹಿಡಿದು ಮಿಡಿದು ನೇರಗೆರೆ ಪಡೆಯುವುದು ಮೂರನೆಯದು. ಗುಡಿಯ ಚಿತ್ರಗಾರರ ನಂತರ ಪರದೆ ಮತ್ತು ಸಿನಿಮಾ ಬ್ಯಾನರ್ ಬರೆಯುವವರೂ ಇಂಥ ಉಪಾಯಗಳನ್ನೇ ಅವಲಂಬಿಸಿದರು.

ಸಮಕಾಲೀನ ಕೃತಿಗಳೊಡನೆ ಸಂಬಂಧ

ಸೀಬಿಯ ಐತಿಹಾಸಿಕ ಚಿತ್ರಗಳಿಗೆ ಹತ್ತಿರದ ಹೋಲಿಕೆ 1784ರ ದರಿಯಾ ದೌಲತ್ ಅರಮನೆ. ಅದರ ಪಶ್ಚಿಮದ ಗೋಡೆಯಲ್ಲಿ ಹೈದರ್ ಮತ್ತು ಟಿಪ್ಪುವಿನ ಸೇನಾ ಮೆರವಣಿಗೆ ಹಾಗೂ 1780ರ ಸೆಪ್ಟೆಂಬರ್ 10ರ ಪೊಳ್ಳಿಲೂರು ಯುದ್ಧದ ಚಿತ್ರವಿದೆ. ಆ ಯುದ್ಧದಲ್ಲಿ ಸೋತ ಬ್ರಿಟಿಷ್ ಪಡೆಯ ಕರ್ನಲ್ ಬೇಲಿ ಪಲ್ಲಕ್ಕಿಯಲ್ಲಿ ಕುಳಿತಿರುವುದನ್ನೂ, ಬ್ರಿಟಿಷರ ಮದ್ದಿನ ಬಂಡಿ ಸಿಡಿಯುವುದನ್ನೂ ಅದರಲ್ಲಿ ಕಾಣಬಹುದು. ಪೂರ್ವದ ಗೋಡೆಯಲ್ಲಿ ಆ ಕಾಲದ ಹಲವು ರಾಜರ, ಪಾಳೆಯಗಾರರ ದರ್ಬಾರುಗಳಿವೆ. ಈ ಚಿತ್ರಗಳು 1799ಕ್ಕೆ ಮೊದಲೇ ಹಾಳಾಗಿದ್ದವು. ಆ ಬಳಿಕ ಅರಮನೆಯಲ್ಲಿ ವಾಸವಾಗಿದ್ದ ಬ್ರಿಟಿಷ್ ಸೇನಾಧಿಕಾರಿ ಕರ್ನಲ್ ವೆಲ್ಲೆಸ್ಲಿ ಅವನ್ನು ಸರಿಪಡಿಸಿದನು. ಮತ್ತೆ ಮಾಸಿದಾಗ, 1855ರಲ್ಲಿ ಗವರ್ನರ್ ಜನರಲ್ ಡಾಲ್‌ಹೌಸಿಯ ಆದೇಶದಂತೆ, ಮೂಲವನ್ನು ನೆನಪಿಟ್ಟುಕೊಂಡಿದ್ದ ಸ್ಥಳೀಯ ಚಿತ್ರಗಾರನಿಂದ ಪುನಃ ಬರೆಸಲಾಯಿತು. ದರಿಯಾ ದೌಲತ್ ಅರಮನೆಯಾದರೆ ಸೀಬಿ ಪೂಜೆ ನಡೆಯುವ ಗುಡಿ. ಒಂದರಲ್ಲಿ ದೊರೆ ತನ್ನ ಗೆಲುವನ್ನು ತಾನೇ ಬರೆಸಿದನು. ಇನ್ನೊಂದರಲ್ಲಿ ಅಧಿಕಾರಿ ಮನೆತನ ತಾನು ಸೇವೆ ಮಾಡಿದ ದೊರೆಗಳನ್ನು ತನ್ನ ಊರಿನ ಗುಡಿಯಲ್ಲಿ ಬರೆಸಿತು.

ಶಿರಾ ದಾಟಿದ ಮೇಲೆ ಅದೇ ಹೆದ್ದಾರಿಯಲ್ಲಿ ಸಿಗುವ ಹಿರಿಯೂರಿನ ತೇರು ಮಲ್ಲೇಶ್ವರ ದೇವಾಲಯದಲ್ಲಿಯೂ ಛಾವಣಿ ಚಿತ್ರಗಳಿವೆ. ಶ್ರವಣಬೆಳಗೊಳದ ಜೈನಮಠದ ಗೋಡೆಗಳಲ್ಲಿ ತೀರ್ಥಂಕರರ ಕಥೆಗಳ ಜೊತೆ ಮುಮ್ಮಡಿ ಕೃಷ್ಣರಾಜರ ದಸರಾ ದರ್ಬಾರಿನ ಚಿತ್ರವಿದೆ. ಮೈಸೂರಿನ ಜಗನ್ಮೋಹನ ಅರಮನೆಯ (1861) ಗೋಡೆಗಳಲ್ಲಿ ಒಡೆಯರ ವಂಶಾವಳಿಯನ್ನು ಕಮಲದ ಆಕಾರದಲ್ಲಿ ತೋರಿಸುವ ಸಂತಾನಾಂಬುಜ ಮತ್ತು ದಸರಾ ಮೆರವಣಿಗೆ ಚಿತ್ರಿತವಾಗಿವೆ. 20ನೆಯ ಶತಮಾನದಲ್ಲಿ ಮೈಸೂರು ಅರಮನೆಯ ಕಲ್ಯಾಣಮಂಟಪಕ್ಕೆ ಸ್ಥಳೀಯ ಕಲಾವಿದರು ದಸರಾ ಮೆರವಣಿಗೆಯ 26 ಚಿತ್ರಫಲಕಗಳನ್ನು ಛಾಯಾಚಿತ್ರಗಳ ಆಧಾರದಿಂದ ಕ್ಯಾನ್‌ವಾಸಿನ ಮೇಲೆ ಬರೆದರು.

ಗುಬ್ಬಿಯ ರಂಗಪರದೆ

ತುಮಕೂರಿನ ಪಶ್ಚಿಮಕ್ಕಿರುವ ಗುಬ್ಬಿಯಲ್ಲಿ 1884ರಲ್ಲಿ ಶ್ರೀ ಚನ್ನಬಸವೇಶ್ವರ ಕೃಪಾಪೋಷಿತ ನಾಟಕ ಸಂಘ ಆರಂಭವಾಯಿತು. ಗುಬ್ಬಿ ವೀರಣ್ಣನವರ (1891–1972) ನೇತೃತ್ವದಲ್ಲಿ ಅದು ಗುಬ್ಬಿ ಕಂಪನಿಯೆಂದು ಹೆಸರಾಗಿ ದಕ್ಷಿಣ ಭಾರತದಾದ್ಯಂತ ಸಂಚರಿಸಿತು. ಪಾರ್ಸಿ ಮತ್ತು ಮರಾಠಿ ಕಂಪನಿಗಳ ಮಾದರಿಯಿಂದ ಬಂದ ಚಿತ್ರಿತ ಪರದೆ ಕನ್ನಡ ವೃತ್ತಿರಂಗಭೂಮಿಯ ಅವಿಭಾಜ್ಯ ಅಂಗವಾಯಿತು. 1934ರಲ್ಲಿ ಈ ಕಂಪನಿ ರಂಗಕ್ಕೆ ತಂದ 'ಕುರುಕ್ಷೇತ್ರ' ನಾಟಕ ಆನೆ, ಕುದುರೆಗಳನ್ನು ರಂಗದ ಮೇಲೆ ತಂದು ಅದ್ದೂರಿತನಕ್ಕೆ ಪ್ರಸಿದ್ಧವಾಯಿತು.

ಪರದೆಗಳನ್ನು ದೃಶ್ಯದ ಹೆಸರಿನಿಂದ ಗುರುತಿಸುತ್ತಾರೆ. ದರ್ಬಾರು ಪರದೆ, ರಸ್ತೆ ಪರದೆ, ಕಾಡು ಪರದೆ, ಉದ್ಯಾನ ಪರದೆ, ಕೈಲಾಸದ ಪರದೆ, ಸ್ಮಶಾನದ ಪರದೆ ಇವು ಸಾಮಾನ್ಯ ಬಗೆಗಳು. ದಪ್ಪ ಹತ್ತಿ ಬಟ್ಟೆಯನ್ನು ಹೊಲಿದು ಅಗಲ ಮಾಡಿ, ಗಂಜಿ ಅಥವಾ ಸುಣ್ಣದ ನೆಲೆ ಕಟ್ಟಿ, ಸರೇಸು ಬೆರೆಸಿದ ಪುಡಿಬಣ್ಣದಿಂದ ಬರೆಯುತ್ತಿದ್ದರು. ಪರದೆಯ ಕೆಳ ಅಂಚಿಗೆ ಗಳು ಕಟ್ಟಿ, ಹಗ್ಗದಿಂದ ಸುತ್ತಿ ಮೇಲೇರಿಸುವ ವ್ಯವಸ್ಥೆಯಿಂದ ದೃಶ್ಯ ಕ್ಷಣದಲ್ಲಿ ಬದಲಾಗುತ್ತಿತ್ತು.

ಗುಡಿಯ ಛಾವಣಿಯ ಚಿತ್ರಕ್ಕೂ ಪರದೆಗೂ ಶೈಲಿಯಲ್ಲಿ ದೊಡ್ಡ ವ್ಯತ್ಯಾಸವಿದೆ. 1894ರಲ್ಲಿ ಆರಂಭವಾದ ರವಿವರ್ಮನ ಮುದ್ರಣಾಲಯದ ಬಣ್ಣದ ಪಟಗಳು ಮನೆಮನೆಗೆ ತಲುಪಿದ ಮೇಲೆ, ನೆರಳು ಬೆಳಕು ಮತ್ತು ದೂರ ಸಮೀಪಗಳನ್ನು ತೋರಿಸುವ ಪಾಶ್ಚಾತ್ಯ ರೀತಿ ಜನರ ಕಣ್ಣಿಗೆ ರೂಢಿಯಾಯಿತು. ಸಾಲುಕಂಬಗಳು ದೂರಕ್ಕೆ ಹೋಗುತ್ತ ಕಿರಿದಾಗುವ ದರ್ಬಾರು ಪರದೆ ಈ ರೀತಿಯ ಮಾದರಿ. ಆದರೆ ವಸ್ತುವಿನಲ್ಲಿ ನಿರಂತರತೆ ಇದೆ. ದೇವಲೋಕ, ದೊರೆಯ ಆಸ್ಥಾನ, ಊರಿನ ರಸ್ತೆ ಮೂರೂ ಒಂದೇ ಸೀನರಿಯಲ್ಲಿ ಸೇರಿದ್ದು, ಪುರಾಣದ ನಾಟಕಕ್ಕೂ ಐತಿಹಾಸಿಕ ನಾಟಕಕ್ಕೂ ಅದೇ ದರ್ಬಾರು ಪರದೆ ಇಳಿಯುತ್ತಿತ್ತು.

ಪಟ್ಟಣದ ಗೋಡೆಚಿತ್ರಗಳು

20ನೆಯ ಶತಮಾನದಲ್ಲಿ ಚಿತ್ರಕಾರರ ಜೀವನೋಪಾಯ ಸಿನಿಮಾ ಬ್ಯಾನರ್, ಅಂಗಡಿ ಬೋರ್ಡು ಮತ್ತು ಗೋಡೆ ಜಾಹೀರಾತಿನ ಕಡೆಗೆ ಹರಿಯಿತು. 2000ದ ನಂತರ ಫ್ಲೆಕ್ಸ್ ಮುದ್ರಣ ವ್ಯಾಪಕವಾಗಿ ಈ ಕೆಲಸ ಬಹುಮಟ್ಟಿಗೆ ನಿಂತಿತು. 2009ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ಸಿನಿಮಾ ಬ್ಯಾನರ್ ಕಲಾವಿದರಿಂದ ರಸ್ತೆಬದಿಯ ಗೋಡೆಗಳ ಮೇಲೆ ಕರ್ನಾಟಕದ ಸ್ಮಾರಕ, ಪ್ರಕೃತಿ ಮತ್ತು ಸಂಸ್ಕೃತಿಯ ಚಿತ್ರಗಳನ್ನು ಬರೆಸಿತು. ಶಾಲೆ, ಸರ್ಕಾರಿ ಕಚೇರಿ, ಉದ್ಯಾನಗಳ ಕಾಂಪೌಂಡು ಗೋಡೆಗಳಲ್ಲಿ ನಾಡಿನ ಚರಿತ್ರೆ ಬರೆಸುವ ಪದ್ಧತಿ ರಾಜ್ಯದ ಇತರ ಊರುಗಳಲ್ಲಿಯೂ ಬಳಕೆಗೆ ಬಂದಿದೆ.

ಈ ಸೀಮೆಯ ಪಟ್ಟಣಗಳಿಗೆ ಚಿತ್ರವಾಗಬಲ್ಲ ಚರಿತ್ರೆ ಹೇರಳವಾಗಿದೆ. ತುಮಕೂರಿಗೆ ಸಿದ್ಧಗಂಗಾ ಮಠ ಮತ್ತು ಶಿವಕುಮಾರ ಸ್ವಾಮಿಗಳ (1907–2019) ಅನ್ನ ಹಾಗೂ ಅಕ್ಷರ ದಾಸೋಹ, ದೇವರಾಯನದುರ್ಗ, ಜಕಣಾಚಾರಿಯ ಐತಿಹ್ಯ ಹೊತ್ತ ಕೈದಾಳದ ಚನ್ನಕೇಶವ ದೇವಾಲಯ ಇವೆ. ಗುಬ್ಬಿಗೆ 16ನೆಯ ಶತಮಾನದ ಕವಿ ಮಲ್ಲಣಾರ್ಯ ಮತ್ತು ನಾಟಕ ಕಂಪನಿಯ ಹೆಸರಿದೆ. ಕುಣಿಗಲ್‌ಗೆ ಜನಪದ ಹಾಡಿನಲ್ಲಿ ಬೆಳೆದ ಕೆರೆ, ಕುದುರೆ ಫಾರಂ, ಹುತ್ರಿದುರ್ಗ ಮತ್ತು ಎಡೆಯೂರಿನ ಸಿದ್ಧಲಿಂಗೇಶ್ವರ ಕ್ಷೇತ್ರಗಳಿವೆ.

ಉಪಯೋಗಗಳು

ಭಿತ್ತಿಚಿತ್ರಗಳ ಮೊದಲ ಉಪಯೋಗ ಧಾರ್ಮಿಕ ಶಿಕ್ಷಣ. ಓದುಬಾರದವರಿಗೂ ಪುರಾಣದ ಕಥೆ ಕಣ್ಣಿಗೆ ಕಾಣುವಂತಾಗುತ್ತದೆ, ಹರಿಕಥೆ ಹೇಳುವವರಿಗೂ ಕೇಳುವವರಿಗೂ ಛಾವಣಿ ನೆರವಾಗುತ್ತದೆ. ಎರಡನೆಯದು ಸ್ಮರಣೆ: ದೊರೆ, ದಾನಿ ಮತ್ತು ಊರಿನ ನಡುವಿನ ಸಂಬಂಧ ಚಿತ್ರದಲ್ಲಿ ಉಳಿಯುತ್ತದೆ. ಮೂರನೆಯದು ಚರಿತ್ರೆಯ ಆಕರವಾಗಿ ಬಳಕೆ: ಉಡುಗೆ, ಆಯುಧ, ವಾದ್ಯ, ವಾಹನ, ಪೀಠೋಪಕರಣಗಳ ಬಗ್ಗೆ ಶಾಸನ ಮತ್ತು ಕಡತಗಳು ಹೇಳದ ವಿವರಗಳನ್ನು ಚಿತ್ರಗಳು ಕೊಡುತ್ತವೆ. ನಾಲ್ಕನೆಯದು ಕಲಾಶಿಕ್ಷಣ: ಹಳೆಯ ಚಿತ್ರಗಳ ನಕಲು ತೆಗೆಯುವುದು ಸಾಂಪ್ರದಾಯಿಕ ಶೈಲಿಯನ್ನು ಕಲಿಯುವ ಮುಖ್ಯ ಮಾರ್ಗ.

ಅಧ್ಯಯನ

1960ರಲ್ಲಿ ಸ್ಥಾಪನೆಯಾದ ಬೆಂಗಳೂರಿನ ಕರ್ನಾಟಕ ಚಿತ್ರಕಲಾ ಪರಿಷತ್ತು ಎಂ.ಎಸ್. ನಂಜುಂಡರಾಯರ ಮುಂದಾಳುತನದಲ್ಲಿ ಮೈಸೂರು ಸಾಂಪ್ರದಾಯಿಕ ಚಿತ್ರಗಳ ಸಂಗ್ರಹ ಮತ್ತು ಅಧ್ಯಯನವನ್ನು ಕೈಗೊಂಡಿತು. ಎಸ್.ಆರ್. ರಾವ್ ಮತ್ತು ಬಿ.ವಿ.ಕೆ. ಶಾಸ್ತ್ರಿ ಅವರು ಕರ್ನಾಟಕದ ಸಾಂಪ್ರದಾಯಿಕ ಚಿತ್ರಕಲೆಯ ಸಮೀಕ್ಷೆ ನಡೆಸಿ ಪ್ರಕಟಿಸಿದರು. ಮೈಸೂರು ಸಾಂಪ್ರದಾಯಿಕ ಚಿತ್ರಕಲೆಗೆ ಭೌಗೋಳಿಕ ಸೂಚಕದ ಮಾನ್ಯತೆಯೂ ದೊರೆತಿದೆ. ಈ ಮಾನ್ಯತೆ ಶೈಲಿಯ ಹೆಸರನ್ನು ಕಾಪಾಡುತ್ತದೆ; ಗುಡಿಯ ಛಾವಣಿಯಲ್ಲಿರುವ ಮೂಲಚಿತ್ರಗಳ ರಕ್ಷಣೆ ಬೇರೆಯೇ ಕೆಲಸ.

ಇಂದಿನ ಸ್ಥಿತಿ

ಸೀಬಿಯ ದೇವಾಲಯದಲ್ಲಿ ಪೂಜೆ, ಉತ್ಸವಗಳು ನಡೆಯುತ್ತಿವೆ, ಚಿತ್ರಗಳನ್ನು ಅವು ಹುಟ್ಟಿದ ಸ್ಥಳದಲ್ಲೇ ನೋಡಬಹುದು. ಬಳಕೆಯಲ್ಲಿರುವ ಗುಡಿಗಳ ಛಾವಣಿ ಚಿತ್ರಗಳಿಗೆ ಹಾನಿಯ ಕಾರಣಗಳು ಹಲವು. ಮಾಳಿಗೆಯ ಬಿರುಕಿನಿಂದ ಇಳಿಯುವ ಮಳೆನೀರು ಗಾರೆಯನ್ನು ಸಡಿಲಿಸುತ್ತದೆ. ನೀರಿನೊಡನೆ ಬಂದ ಉಪ್ಪು ಮೇಲ್ಮೈಯಲ್ಲಿ ಹರಳುಗಟ್ಟಿ ಬಣ್ಣದ ಪದರವನ್ನು ಎಬ್ಬಿಸುತ್ತದೆ. ದೀಪ, ಕರ್ಪೂರ, ಧೂಪದ ಹೊಗೆ ಎಣ್ಣೆಜಿಡ್ಡಿನ ಮಸಿಯಾಗಿ ಕೂರುತ್ತದೆ. ಬಾವಲಿಗಳ ಹಿಕ್ಕೆ ಕಲೆ ಮಾಡುತ್ತದೆ. ಜೀರ್ಣೋದ್ಧಾರದ ಸಂದರ್ಭದಲ್ಲಿ ಸುಣ್ಣ ಬಳಿಯುವುದು, ಸಿಮೆಂಟು ಹಚ್ಚುವುದು, ಎನಾಮೆಲ್ ಬಣ್ಣದಿಂದ ಹಳೆಯ ಗೆರೆಗಳ ಮೇಲೆ ಹೊಸದಾಗಿ ಬರೆಯುವುದು ಮೂಲವನ್ನು ಶಾಶ್ವತವಾಗಿ ಅಳಿಸುತ್ತದೆ.

ಸಂರಕ್ಷಣೆಯ ಅಂಗೀಕೃತ ಕ್ರಮ ಮಾಳಿಗೆಯಿಂದಲೇ ಆರಂಭವಾಗುತ್ತದೆ. ಮೊದಲು ಸೋರಿಕೆ ನಿಲ್ಲಿಸಿ, ದುರಸ್ತಿಗೆ ಸಿಮೆಂಟಿನ ಬದಲು ಸುಣ್ಣದ ಗಾರೆ ಬಳಸಬೇಕು. ಸಡಿಲವಾದ ಪದರವನ್ನು ಅಂಟಿಸಿ ಭದ್ರಪಡಿಸಿದ ಮೇಲೆಯೇ ಮಸಿ ತೆಗೆಯುವುದು. ಬಣ್ಣ ಪೂರ್ತಿ ಹೋದ ಭಾಗವನ್ನು ಊಹೆಯಿಂದ ಬರೆಯದೆ ತಟಸ್ಥ ವರ್ಣದಲ್ಲಿ ಬಿಡುವುದು. ಪ್ರತಿ ಹಂತದ ಛಾಯಾಚಿತ್ರ ಮತ್ತು ಟಿಪ್ಪಣಿ ಇಡುವುದು.

ಪರದೆಗಳ ಆಯುಷ್ಯ ಇನ್ನೂ ಕಡಿಮೆ. ಸುತ್ತಿ ಬಿಚ್ಚುವುದರಿಂದ ಬಣ್ಣ ಉದುರುತ್ತದೆ, ಹಳತಾದದ್ದರ ಮೇಲೆ ಹೊಸ ದೃಶ್ಯ ಬರೆಯುವ ರೂಢಿಯೂ ಇದೆ. ತುಮಕೂರು ಸೀಮೆಯ ಹಳ್ಳಿಗಳಲ್ಲಿ ಹಾರ್ಮೋನಿಯಂ ಮೇಷ್ಟ್ರು ಕಲಿಸುವ ಪೌರಾಣಿಕ ನಾಟಕಗಳು ಇಂದಿಗೂ ನಡೆಯುತ್ತವೆ. ಡ್ರಾಮಾ ಸೀನರಿಯನ್ನು ಬಾಡಿಗೆಗೆ ಕೊಡುವವರೂ ಇದ್ದಾರೆ. ತುಮಕೂರು ನಗರದ ರಂಗಮಂದಿರಕ್ಕೆ ಗುಬ್ಬಿ ವೀರಣ್ಣನವರ ಹೆಸರಿಡಲಾಗಿದೆ.

ಹೊರಗೋಡೆಯ ಹೊಸ ಚಿತ್ರಗಳಲ್ಲಿ ಬಳಸುವ ಅಕ್ರಿಲಿಕ್ ಮತ್ತು ಎಮಲ್ಷನ್ ಬಣ್ಣಗಳು ಬಿಸಿಲು, ಮಳೆ ಮತ್ತು ಧೂಳಿಗೆ ಕೆಲವೇ ವರ್ಷಗಳಲ್ಲಿ ಮಂಕಾಗುತ್ತವೆ. ಆದ್ದರಿಂದ ಅವನ್ನು ಆಗಾಗ ಮತ್ತೆ ಬರೆಯಬೇಕಾಗುತ್ತದೆ. ದೇವಾಲಯದ ಛಾವಣಿಯ ಕೆಳಗೆ, ಗಾಳಿಮಳೆಗೆ ಸಿಗದ ನೆರಳಿನಲ್ಲಿ, ಸುಣ್ಣದ ನೆಲೆಯ ಮೇಲೆ ಬರೆದ ಚಿತ್ರಗಳು ಎರಡು ಶತಮಾನ ಉಳಿದಿವೆ. ತುಮಕೂರು ಸೀಮೆ ತನ್ನ ಕಾಲದ ದೊರೆಗಳನ್ನೂ ತನ್ನ ಊರಿನವರನ್ನೂ ಚಿತ್ರದಲ್ಲಿ ದಾಖಲಿಸಿದ ಕ್ರಮಕ್ಕೆ ಸೀಬಿಯ ಮುಖಮಂಟಪ ಇಂದಿಗೂ ಮೂಲ ಆಕರವಾಗಿದೆ.